ಕೋವಿಯ ನಳಿಗೆ

ಕಳೆದ ಕಾರ್ತಿಕದಲ್ಲಿ ನಮ್ಮ ಅಣ್ಣಯ್ಯನವರ ಮಗನು ಶಿವಮೊಗ್ಗೆಯ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಅದೂ ಇದೂ ಮಾತನಾಡಿ, ಕೊನೆಗೆ, "ಚಿಕ್ಕಪ್ಪ, ನಮ್ಮ ಕೋವಿಯ ನಳಿಗೆಯನ್ನು ಆರಂಗುಲ ಕತ್ತರಿಸಿಬಿಡೋಣವೆಂದಿದ್ದೇನೆ, ನೀವೇನು ಹೇಳುತ್ತೀರಿ?" ಎಂದು ಕೇಳಿದನು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿ, ಮೂವತ್ತು ವರ್ಷಕ್ಕೂ ಮೀರಿ ಹುಡುಗರಿಂದ ಶಬ್ದರೂಪಗಳನ್ನು ಒಪ್ಪಿಸಿಕೊಂಡ ಮೇಷ್ಟರನ್ನು ಕೋವಿಯ ವಿಷಯದಲ್ಲಿ ಸಲಹೆ ಕೇಳುವುದು ವಾಚಕರಿಗೆ ವಿಚಿತ್ರವೆಂದು ತೋರಬಹುದು. ಅವನು ಬಂದದ್ದು ನನ್ನ ಪಾಂಡಿತ್ಯವನ್ನು ನಂಬಿ ಅಲ್ಲ. ತಂದೆಯನ್ನು ನೇರವಾಗಿ ಕೇಳುವುದಕ್ಕೆ ಅಂಜಿ, ನನ್ನನ್ನು ಮುಂದಿಟ್ಟುಕೊಂಡು ಹೋಗಬೇಕೆಂಬುದು ಅವನ ಉಪಾಯ. ಅವನ ಅಂಜಿಕೆಗೆ ಕಾರಣವುಂಟು. ಅದನ್ನು ಮುಂದೆ ಹೇಳುವೆನು.

ನಮ್ಮ ಮೂಲದ ಮನೆಯಿರುವುದು ಮಂಡಗದ್ದೆಯ ಕಡೆ. ಅಡಕೆಯ ತೋಟ, ಅದರ ಕೆಳಗೆ ಗದ್ದೆ, ಉಳಿದ ಮೂರು ದಿಕ್ಕಿಗೂ ಕಾಡು. ಮಾಂಸವಿರಲಿ, ಈರುಳ್ಳಿಯೂ ಒಲೆಯನ್ನು ಕಾಣದ ಮನೆ ಅದು. ಆದರೂ ನಡುಮನೆಯಲ್ಲಿ ದೇವರ ಪಟಗಳ ಸಾಲು ಮುಗಿದ ಕಡೆ ಒಂದು ಕೋವಿ ತೂಗುತ್ತಿತ್ತು. ಮಲೆನಾಡಿನ ತೋಟದ ಮನೆಗಳಲ್ಲಿ ಇದೇನೂ ಅಪೂರ್ವವಲ್ಲ. ಹಗಲು ಮಂಗಗಳು, ಇರುಳು ಹಂದಿಗಳು. ಅವು ನುಗ್ಗಿದಾಗ ಗಾಳಿಯಲ್ಲಿ ಒಂದು ಈಡು ಹಾರಿಸಿ ಓಡಿಸುವುದು, ಅಷ್ಟೇ ಅದರ ಉದ್ಯೋಗ. ಸರ್ಕಾರವು ಕೊಡುವ ಪರವಾನಗಿಯೂ ಬೆಳೆಯ ರಕ್ಷಣೆಗೆಂದೇ ಕೊಟ್ಟದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲಂತೂ ಕೊಲ್ಲುವ ಮಾತು ಎಲ್ಲರ ಮನೆಯಿಂದಲೂ ದೂರವಾಯಿತು. ನಮ್ಮ ಮನೆಯಲ್ಲಿ ಅದು ಮೊದಲೇ ಇರಲಿಲ್ಲ.

ಸದ್ದಿಗಾಗಿಯೇ ಇರುವ ಕೋವಿಗೆ ನಳಿಗೆ ಉದ್ದವಾದರೇನು, ಗಿಡ್ಡವಾದರೇನು? ಹುಡುಗನನ್ನು ನಾನೂ ಹೀಗೆಯೇ ಕೇಳಿದೆನು. ಅವನು ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ತೋಟಕ್ಕೆ ಮರಳಿ ನಾಲ್ಕು ವರ್ಷವಾಯಿತು. "ಹಗಲು ತೊಂದರೆಯಿಲ್ಲ, ಚಿಕ್ಕಪ್ಪ. ರಾತ್ರಿ ಹಣೆಗೆ ದೀಪ ಕಟ್ಟಿಕೊಂಡು ತೋಟದೊಳಗೆ ಹೋಗಬೇಕು. ಮೂವತ್ತೆರಡು ಅಂಗುಲದ ನಳಿಗೆ. ತಿರುಗಿದರೆ ಒಂದು ಮರಕ್ಕೆ ಬಡಿಯುತ್ತದೆ, ಎತ್ತಿದರೆ ಬಾಳೆಯ ಎಲೆಗೆ ಸಿಕ್ಕುತ್ತದೆ. ಮೊನ್ನೆ ಸಂಕ ದಾಟುವಾಗ ಜಾರಿ ಕಾಲುವೆಗೆ ಬಿದ್ದೆ, ಕೋವಿಯ ಮೂತಿ ಕೆಸರಿಗೆ ನಾಟಿಕೊಂಡಿತು" ಎಂದನು.

"ಎದ್ದ ಮೇಲೆ ನಳಿಗೆಯೊಳಗೆ ನೋಡಿದೆಯೋ?"

"ಆ ಕತ್ತಲೆಯಲ್ಲಿ ನೋಡುವುದೇನು? ಕೊಡವಿಕೊಂಡೆ."

ಅನಂತರ ಈಡು ಹಾರಿಸಿದೆಯೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವನು ಎರಡು ಕೈಗಳಲ್ಲಿಯೂ ಐದೈದು ಬೆರಳುಗಳನ್ನಿಟ್ಟುಕೊಂಡು ನನ್ನೆದುರು ಕುಳಿತಿದ್ದನು. ಅದೇ ಉತ್ತರವೆಂದುಕೊಂಡು ಸುಮ್ಮನಾದೆನು.

ಅವನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಕತ್ತರಿಸುವುದು ಬೇಡವಾದರೆ, ಇದನ್ನು ಕೊಟ್ಟು ಒಂದು ರೈಫಲನ್ನೇ ತೆಗೆದುಕೊಳ್ಳುವುದು. ಅದರ ಚಿತ್ರ, ಅಳತೆ, ತೂಕಗಳನ್ನೆಲ್ಲ ಕಲೆಹಾಕಿ ತಂದಿದ್ದನು. ನಮ್ಮ ಶಾಸ್ತ್ರಗ್ರಂಥಗಳು ಆರಂಭವಾಗುವಾಗ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಮುಂದೆ ಹೋಗುತ್ತವೆ: ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳಿಗೆ ಸಂಬಂಧವೇನು? ನಳಿಗೆಯನ್ನು ಆರಿಸುವವನೂ ಇವನ್ನೇ ಮೊದಲು ಕೇಳಿಕೊಳ್ಳಬೇಕು. ಕೋವಿಯನ್ನು ಹೊರುವವನಾರು, ಹೇಗೆ ನಿಂತು ಹಾರಿಸುತ್ತಾನೆ, ಎಷ್ಟು ದೂರಕ್ಕೆ, ಯಾತಕ್ಕಾಗಿ? ಹುಡುಗನ ಕಾಗದಗಳಲ್ಲಿ ಕೋವಿಯ ಗುಣಗಳೆಲ್ಲ ಇದ್ದವು; ಅವನೊಬ್ಬನು ಮಾತ್ರ ಅದರಲ್ಲಿರಲಿಲ್ಲ.

ಈ ವಿಚಾರದಲ್ಲಿ ನಮ್ಮ ಪೂರ್ವಿಕರೇನಾದರೂ ಹೇಳಿರುವರೋ ಎಂದು ನೋಡುವುದು ನನ್ನ ಹಳೆಯ ಚಾಳಿ. ಶುಕ್ರನೀತಿಯಲ್ಲಿ ನಾಲಿಕವೆಂಬ ಆಯುಧದ ವರ್ಣನೆಯುಂಟು. ಲಘುನಾಲಿಕದ ನಾಳವು ಐದು ವಿತಸ್ತಿ, ಎಂದರೆ ಐದು ಗೇಣು ಉದ್ದವಿರಬೇಕೆಂದೂ, ಗುರಿ ನೋಡುವುದಕ್ಕೆ ಎಳ್ಳಿನ ಗಾತ್ರದ ಬಿಂದುಗಳಿರಬೇಕೆಂದೂ ಅಲ್ಲಿ ಹೇಳಿದೆ. ಐದು ಗೇಣೆಂದರೆ ಸುಮಾರು ನಲವತ್ತೈದು ಅಂಗುಲ; ಇದು ಆಂಗ್ಲ ಸಿಪಾಯಿಗಳು ಹೊತ್ತಿದ್ದ ಹಳೆಯ ಮಸ್ಕೆಟ್ಟಿನ ನಳಿಗೆಗೆ ಬಹಳ ಹತ್ತಿರದ ಅಳತೆ. ಪಾಠಶಾಲೆಯ ದಿನಗಳಲ್ಲಿ ಇದನ್ನು ಓದಿ ನಾವು ಎದೆಯುಬ್ಬಿಸಿದ್ದುಂಟು. ಆ ಗ್ರಂಥವು ಈಗಿರುವ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನದ್ದೇ ಎಂದು ವಿಮರ್ಶಕರು ಸಾಧಿಸಿರುವುದನ್ನು ಅನಂತರ ತಿಳಿದು ಎದೆಯನ್ನು ಇಳಿಸಿಕೊಂಡೆವು. ಬರೆದವನು ಯಾರೇ ಆಗಲಿ, ಕೋವಿಯನ್ನು ಕಣ್ಣಾರೆ ಕಂಡವನೇ ಸರಿ.

ಅಂದು ಸಂಜೆ ಹುಡುಗನನ್ನು ಕರೆದುಕೊಂಡು ಶಿವಪ್ಪನಾಯಕನ ಅರಮನೆಯ ಕಡೆಗೆ ತಿರುಗಾಡಲು ಹೋದೆನು. ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ೨೦೧೮ರ ಜುಲೈ ತಿಂಗಳಲ್ಲಿ ಒಂದು ಹಾಳುಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿರುವುದನ್ನು ಕಂಡು ಅಗೆದಾಗ, ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರಕ್ಕೂ ಹೆಚ್ಚು ದೊರೆತ ಸಂಗತಿಯನ್ನು ವಾಚಕರು ಬಲ್ಲರು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನು ಅಲ್ಲಿ ಆಯುಧಶಾಲೆಯನ್ನು ನಡೆಸಿದ್ದನು. ಆ ರಾಕೆಟ್ಟು ಒಂದು ಗೇಣಿಗಿಂತ ಸ್ವಲ್ಪ ಉದ್ದದ, ಒಂದು ತುದಿ ಮುಚ್ಚಿದ ಕಬ್ಬಿಣದ ಕೊಳವೆ. ಅದೂ ನಳಿಗೆಯೇ, ಕೋವಿಯಲ್ಲಿ ನಳಿಗೆ ನಿಂತು ಗುಂಡು ಹೋಗುತ್ತದೆ, ರಾಕೆಟ್ಟಿನಲ್ಲಿ ನಳಿಗೆಯೇ ಹೋಗುತ್ತದೆ. ಶತ್ರುಗಳ ಕುದುರೆಗಳನ್ನು ಬೆದರಿಸಲು ಅದು ಬಹಳ ಸಮರ್ಥವಾಗಿತ್ತು. ನಿಶ್ಚಿತವಾದ ಗುರಿ ಅದಕ್ಕಿರಲಿಲ್ಲ. "ನಿನ್ನ ಕೆಲಸ ಬೆದರಿಸುವುದು, ರೈಫಲು ಇರುವುದು ಗುರಿಗಾಗಿ" ಎಂದೆನು. ಅವನು ನಕ್ಕನು, ಒಪ್ಪಲಿಲ್ಲ.

ರೈಫಲಿನ ಗುಣ ಅದರ ನಳಿಗೆಯ ಒಳಮೈಯಲ್ಲಿದೆ. ಅಲ್ಲಿ ಸುರುಳಿಯಾಗಿ ಕೊರೆದ ಗಾಡಿಗಳುಂಟು. ಗುಂಡು ಅವುಗಳ ಹಿಡಿತದಲ್ಲಿ ತಿರುಗುತ್ತ ಹೊರಬೀಳುತ್ತದೆ. ತಿರುಗುವ ಬುಗುರಿ ಹೇಗೆ ನೆಟ್ಟಗೆ ನಿಲ್ಲುವುದೋ ಹಾಗೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸನು ೧೭೪೨ರಲ್ಲಿ ಈ ಶಾಸ್ತ್ರಕ್ಕೆ ಗಣಿತದ ತಳಹದಿಯನ್ನು ಹಾಕಿ, ಕೆಲವು ವರ್ಷಗಳ ಮೇಲೆ, ಸುರುಳಿ ನಳಿಗೆಯನ್ನು ಮೊದಲು ಚೆನ್ನಾಗಿ ಅರಿತುಕೊಂಡ ದೇಶದ ಸೈನ್ಯವೇ ಮೇಲಾಗುವುದೆಂದು ಭವಿಷ್ಯ ನುಡಿದನು. ಅವನ ಗ್ರಂಥವನ್ನು ೧೭೪೫ರಲ್ಲಿ ಆಯ್ಲರನು ಜರ್ಮನ್ ಭಾಷೆಗೆ ತಂದಾಗ ಅದಕ್ಕೆ ಬರೆದ ವ್ಯಾಖ್ಯಾನವು ಮೂಲಕ್ಕಿಂತ ಹಲವು ಪಾಲು ದೊಡ್ಡದಾಯಿತು. ಸೂತ್ರಕ್ಕಿಂತ ಭಾಷ್ಯ ಬೆಳೆಯುವುದು ನಮ್ಮಲ್ಲಿ ಮಾತ್ರವಲ್ಲ.

ನಾನು ರೈಫಲನ್ನು ಹತ್ತಿರದಿಂದ ಕಂಡದ್ದು ಶಾಲೆಯ ಎನ್.ಸಿ.ಸಿ. ಹುಡುಗರೊಡನೆ ಹೋದಾಗ. ಅವರು ಹೊಟ್ಟೆಯ ಮೇಲೆ ಮಲಗಿ, ಮೊಣಕೈಗಳನ್ನೂರಿ, ದಶಾಂಶ ೨೨ರ ರೈಫಲಿನಿಂದ ಇಪ್ಪತ್ತೈದು ಗಜದ ಹಲಗೆಗೆ ಹೊಡೆಯುತ್ತಿದ್ದರು. ಹೀಗೆ ಮಲಗಿ, ಉಸಿರು ಹಿಡಿದು, ನಿಧಾನವಾಗಿ ಹೊಡೆಯುವವನಿಗೆ ದಪ್ಪನೆಯ, ಭಾರವಾದ ನಳಿಗೆ ಉತ್ತಮ. ಅದು ಕೈಯ ನಡುಕಕ್ಕೆ ಬೇಗನೆ ಅಲುಗದು. ಹತ್ತಾರು ಗುಂಡು ಹೋದರೂ ಕಾದು ಗುರಿಯನ್ನು ಬದಲಾಯಿಸದು. ಬೆಟ್ಟ ಹತ್ತಿ ಇಳಿದು ದಿನಕ್ಕೆ ಒಂದೋ ಎರಡೋ ಗುಂಡು ಹಾರಿಸುವವನಿಗೆ ಆ ಭಾರವೇ ಶತ್ರು. ಅವನಿಗೆ ತೆಳುವಾದ ನಳಿಗೆ ಸಾಕು. ಉದ್ದದ ಮಾತೂ ಹೀಗೆಯೇ. ಉದ್ದವಾದಷ್ಟೂ ರೈಫಲಿನ ಗುಂಡಿಗೆ ವೇಗ ಹೆಚ್ಚು, ಅಂಗುಲಕ್ಕೆ ಸೆಕೆಂಡಿಗೆ ಇಪ್ಪತ್ತು ಮೂವತ್ತು ಅಡಿಯಂತೆ. ಗುರಿಮಣಿ ಕಣ್ಣಿನಿಂದ ದೂರವಾದಷ್ಟೂ ತಪ್ಪು ಕಡಮೆ. ಆದರೆ ಈ ಲಾಭಗಳೆಲ್ಲ ದೂರದಲ್ಲಿ ನಿಂತ ಗುರಿಯನ್ನು ನೋಡಿ ಹೊಡೆಯುವವನಿಗೆ.

ನಮ್ಮ ಹುಡುಗನು ಹೊಡೆಯುವುದು ಆಕಾಶಕ್ಕೆ. ಸೈನ್ಯದ ಅಳತೆಯ ರೈಫಲು ಪ್ರಜೆಗಳಿಗೆ ನಿಷಿದ್ಧ. ಅವರಿಗೆ ದೊರೆಯುವುದು ದಶಾಂಶ ೩೧೫ರದು. ಅದರ ಗುಂಡು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು. ತೋಟದಾಚೆಯ ತೋಟದಲ್ಲಿ ಯಾರ ಮನೆ, ಯಾರ ಅಂಗಳ? ಚರೆಯ ತೋಟಾ ಹಾಗಲ್ಲ. ಸಣ್ಣ ಚರೆ ಕೆಲವು ನೂರು ಗಜದೊಳಗೆ ಸೋತು ಉದುರುತ್ತದೆ. ಇದನ್ನು ಹೇಳಿದಾಗ ಅವನು ರೈಫಲಿನ ಕಾಗದಗಳನ್ನು ಮಡಿಸಿ ಜೇಬಿಗಿಟ್ಟುಕೊಂಡನು. ಉಳಿದದ್ದು ಕತ್ತರಿಸುವ ಮಾತು. ೧೯೫೯ರ ಆಯುಧ ಕಾಯಿದೆಯ ಆರನೆಯ ಪ್ರಕರಣದಂತೆ ನಳಿಗೆಯನ್ನು ಪರವಾನಗಿಯಿಲ್ಲದೆ ಮೊಟಕುಗೊಳಿಸುವುದೇ ಅಪರಾಧ. ಗರಗಸ ಹಿಡಿದವನು ಸೆರೆಮನೆಯ ದಾರಿ ಹಿಡಿದಂತೆ. ಇದು ನನಗೆ ಗೊತ್ತಿತ್ತು. ಕತ್ತರಿಸಿದರೆ ನಳಿಗೆಗೆ ಏನಾಗುವುದೆಂಬುದು ಗೊತ್ತಿರಲಿಲ್ಲ. ಅದನ್ನು ಬಲ್ಲವರು ಭದ್ರಾವತಿಯಲ್ಲಿದ್ದರು. ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿದೆವು.

ಅಣ್ಣಯ್ಯನವರು ನನಗಿಂತ ಎಂಟು ವರ್ಷ ದೊಡ್ಡವರು. ಬೆಂಕಿಪುರವೆಂಬ ಹಳೆಯ ಊರು ಭದ್ರಾವತಿಯಾಗಿ ಬೆಳೆದದ್ದು ಯಾವ ಕಾರ್ಖಾನೆಯಿಂದಲೋ ಆ ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರಾಗಿ ಸೇರಿದವರು. ೧೯೨೩ರ ಜನವರಿಯಲ್ಲಿ ಆರಂಭವಾಗಿ, ಕಾಡಿನ ಇದ್ದಲನ್ನೂ ಕೆಮ್ಮಣ್ಣುಗುಂಡಿಯ ಅದಿರನ್ನೂ ತಿಂದು ಕಬ್ಬಿಣವನ್ನು ಕೊಟ್ಟು, ೧೯೩೬ರಿಂದ ಉಕ್ಕನ್ನೂ ಕೊಟ್ಟು, ೧೯೭೬ರಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಆ ಕಾರ್ಖಾನೆಯ ಕಥೆಯನ್ನು ಅವರು ಹೇಳತೊಡಗಿದರೆ ಊಟದ ಹೊತ್ತು ಮೀರುತ್ತದೆ. ೨೦೨೩ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಎಡಗೈಯಲ್ಲಿ ನಡುಬೆರಳೂ ಉಂಗುರದ ಬೆರಳೂ ಇಲ್ಲ. ಕಾರ್ಖಾನೆಯ ಕೆಲಸದಲ್ಲಿ ಹೋದವೆಂದು ನೋಡಿದವರು ತಿಳಿಯುತ್ತಾರೆ. ಹಾಗಲ್ಲ.

೧೯೭೮ರ ನವರಾತ್ರಿಗೆ ನಾನು ಪಾಠಶಾಲೆಯಿಂದ ಮನೆಗೆ ಬಂದಿದ್ದೆನು. ಆಯುಧಪೂಜೆಗೆ ಕೋವಿಯನ್ನು ಒರೆಸಿಡುವ ಕೆಲಸ ನನ್ನದು. ಆಗ ನಮ್ಮಲ್ಲಿದ್ದುದು ಅಜ್ಜನ ಕಾಲದ ಒಂಟಿ ನಳಿಗೆಯ ತೋಟಾಕೋವಿ. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುರುಳಿ ಸುತ್ತಿ, ಬೆಸೆದು ಮಾಡಿದ ನಳಿಗೆ. ಎಣ್ಣೆ ಹಚ್ಚಿ ಒರೆಸಿದರೆ ಮೈಮೇಲೆ ನೀರಿನ ಅಲೆಯಂತಹ ಗೆರೆಗಳು ಏಳುತ್ತಿದ್ದವು. ನನಗೆ ಆ ಹೊರಮೈಯ ಮೇಲೆಯೇ ಮೋಹ. ಒಳಗೆ ಎಣ್ಣೆಬಟ್ಟೆ ಸುತ್ತಿದ ಕೋಲನ್ನು ಒಂದೆರಡು ಸಲ ಆಡಿಸಿದೆನು. ಕೋಲು ಬರಿದಾಗಿ ಹೊರಗೆ ಬಂದಿತು. ಬಟ್ಟೆ ಎಲ್ಲಿ ಹೋಯಿತೆಂದು ನಾನು ಹುಡುಕಲಿಲ್ಲ. ಹೊರಗೆಲ್ಲೋ ಬಿದ್ದಿರಬೇಕೆಂದುಕೊಂಡೆನು, ನೈವೇದ್ಯಕ್ಕೆ ಹೊತ್ತಾಗುತ್ತಿತ್ತು. ವಿಜಯದಶಮಿಯ ಸಂಜೆ ಗದ್ದೆಗೆ ಹಂದಿ ಇಳಿಯಿತೆಂದು ಆಳು ಕೂಗಿಕೊಂಡನು. ರಜೆಯಲ್ಲಿ ಬಂದಿದ್ದ ಅಣ್ಣಯ್ಯನವರು ಪೂಜೆಯ ಹೂವನ್ನು ತೆಗೆದಿಟ್ಟು, ಕೋವಿಗೆ ತೋಟಾ ಹಾಕಿಕೊಂಡು, ಅಂಗಳದ ಅಂಚಿನಿಂದ ಮೇಲಕ್ಕೆ ಹಾರಿಸಿದರು.

ಆ ಸದ್ದು ಬೇರೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅದನ್ನು ವರ್ಣಿಸಲಾರೆನು.

ಹಳೆಯ ಸುರುಳಿ ನಳಿಗೆ, ಕರಿಮದ್ದಿಗಾಗಿ ಮಾಡಿದ್ದು. ಈಗಿನ ಹೊಗೆಯಿಲ್ಲದ ಮದ್ದನ್ನು ತಡೆಯಲಿಲ್ಲವೆಂದು ಊರಿನವರೆಲ್ಲ ಹೇಳಿದರು. ಅಂತಹ ನಳಿಗೆಗಳಿಗೆ ಹೊಸ ಮದ್ದಿನ ತೋಟಾ ಅಪಾಯಕರವೆಂಬುದು ನಿಜವೂ ಹೌದು. ನಿಜವಾದ ಮಾತಿನ ನೆರಳಿನಲ್ಲಿ ನಾನು ನಿಂತುಕೊಂಡೆನು. ನಲವತ್ತಾರು ಚಿಲ್ಲರೆ ವರ್ಷ ಅಲ್ಲಿಯೇ ನಿಂತಿದ್ದೆನು. ಅಣ್ಣಯ್ಯನವರನ್ನು ಕಾರ್ಖಾನೆಯಲ್ಲಿ ಲೇತಿನಿಂದ ತೆಗೆದು ಅಳತೆ ನೋಡುವ ಮೇಜಿಗೆ ಹಾಕಿದರು. ಎಂಟು ಬೆರಳುಗಳಿಂದ ಕೂದಲಿನ ಹತ್ತನೆಯ ಒಂದು ಪಾಲನ್ನು ಅಳೆಯುತ್ತ ಅಲ್ಲಿಯೇ ನಿವೃತ್ತರಾದರು. ಆಮೇಲೆ ನಮ್ಮ ತಂದೆಯವರು ಕೊಂಡು ತಂದದ್ದೇ ಈ ಮೂವತ್ತೆರಡು ಅಂಗುಲದ ಜೋಡು ನಳಿಗೆ. ಪರವಾನಗಿದಾರನಿಗೆ ಎಪ್ಪತ್ತು ತುಂಬಿದ ಮೇಲೆ ಅದನ್ನು ಉತ್ತರಾಧಿಕಾರಿಗೆ ವರ್ಗಾಯಿಸಲು ೨೦೧೬ರ ಆಯುಧ ನಿಯಮಗಳು ಅವಕಾಶ ಕೊಡುವುದರಿಂದ, ಅದು ಈಗ ಹುಡುಗನ ಹೆಸರಿಗೆ ಬಂದಿತ್ತು.

ಅಣ್ಣಯ್ಯನವರು ಎಲ್ಲವನ್ನೂ ಕೇಳಿದರು. ಕೆಸರಿನ ಮಾತು ಬಂದಾಗ ಮಗನ ಮುಖವನ್ನು ಒಂದು ಸಲ ನೋಡಿದರು, ಬೈಯಲಿಲ್ಲ. ಅನಂತರ ಹೇಳಿದ್ದು ಶುದ್ಧ ಕಾರ್ಖಾನೆಯ ಮಾತು. ಹನ್ನೆರಡರ ಬೋರು ಎಂದರೆ ಹನ್ನೆರಡು ಅಂಗುಲವಲ್ಲ; ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದರ ಅಡ್ಡಳತೆ ಎಷ್ಟೋ ಅಷ್ಟು, ಮುಕ್ಕಾಲು ಅಂಗುಲಕ್ಕೆ ಸ್ವಲ್ಪ ಕಡಮೆ. ಆದರೆ ಬಾಯಿಯ ಬಳಿ ಕೊನೆಯ ಒಂದೆರಡು ಅಂಗುಲದಲ್ಲಿ ಅದನ್ನು ಒಂದಿಷ್ಟು ಬಿಗಿ ಮಾಡಿರುತ್ತಾರೆ. ಇದನ್ನು ಚೋಕು ಎನ್ನುತ್ತಾರೆ. ಪೂರ್ಣ ಬಿಗಿಯೆಂದರೂ ಒಂದು ಮಿಲಿಮೀಟರು ಮಾತ್ರ. ನಲವತ್ತು ಗಜದಲ್ಲಿ ಮೂವತ್ತು ಅಂಗುಲದ ವೃತ್ತವನ್ನು ಬರೆದರೆ, ಬಿಗಿಯಿಲ್ಲದ ನಳಿಗೆಯ ಚರೆಯಲ್ಲಿ ನೂರಕ್ಕೆ ನಲವತ್ತು ಅದರೊಳಗೆ ಬೀಳುತ್ತದೆ. ಪೂರ್ಣ ಬಿಗಿಯದರಲ್ಲಿ ಎಪ್ಪತ್ತು. ಜೋಡು ನಳಿಗೆಯಲ್ಲಿ ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. "ಆರಂಗುಲ ಕತ್ತರಿಸಿದರೆ ಎರಡರ ಬಿಗಿಯೂ ಹೋಗುತ್ತದೆ, ಜೋಡು ಕೊಂಡವನು ಒಂದೇ ಗುಣದ ಎರಡು ಕೊಳವೆ ಹೊತ್ತಂತೆ. ಜೊತೆಗೆ ಎರಡನ್ನೂ ಬಾಯಿಯ ಬಳಿ ಹಿಡಿದಿರುವ ಬೆಸುಗೆಯೂ ಹೋಗುತ್ತದೆ" ಎಂದರು.

ಗಿಡ್ಡ ನಳಿಗೆಯೇ ತಪ್ಪೋ? ತಪ್ಪಲ್ಲವೆಂದೇ ಅವರ ಅಭಿಪ್ರಾಯ. ಕರಿಮದ್ದು ನಿಧಾನವಾಗಿ ಉರಿಯುವುದರಿಂದ ಹಿಂದಿನವರಿಗೆ ಉದ್ದ ಬೇಕಾಗಿತ್ತು. ಈಗಿನ ತೋಟಾದ ಮದ್ದು ಮೊದಲ ಇಪ್ಪತ್ತು ಅಂಗುಲದೊಳಗೆ ಬಹುಮಟ್ಟಿಗೆ ಉರಿದು ಮುಗಿಯುತ್ತದೆ. ಮರಸಿನಲ್ಲಿ ಕುಳಿತು ಕಾದು ಹೊಡೆಯುತ್ತಿದ್ದ ಹಿಂದಿನ ಬೇಟೆಗಾರರಿಗೆ, ಬಯಲಿನಲ್ಲಿ ಹಾರುವ ಹಕ್ಕಿಯ ಜೊತೆಗೆ ನಳಿಗೆಯನ್ನು ತೂಗಿಸುತ್ತಿದ್ದವರಿಗೆ, ಉದ್ದನೆಯದು ಒಪ್ಪುತ್ತಿತ್ತು. ಅಡಕೆ ಮರಗಳ ನಡುವೆ ಕತ್ತಲೆಯಲ್ಲಿ ತಿರುಗುವವನಿಗೆ ಗಿಡ್ಡನೆಯದು, ಒಂಟಿಯಾದದ್ದು, ಬಿಗಿಯಿಲ್ಲದ್ದು ಸಾಕು. ಸದ್ದು ಮಾತ್ರ ಸ್ವಲ್ಪ ಹೆಚ್ಚು ಬರುತ್ತದೆ. ಅದೇ ತಾನೆ ಬೇಕಾದದ್ದು! "ಕತ್ತರಿಸಬೇಡ, ಬದಲಾಯಿಸು" ಎಂದು ಮಗನಿಗೆ ಹೇಳಿ, "ನಡೆಯಿರಿ, ನಾನೂ ಬರುತ್ತೇನೆ" ಎಂದು ಅಂಗಿ ತೊಟ್ಟುಕೊಂಡರು.

ಶಿವಮೊಗ್ಗೆಯ ಪೇಟೆಯಲ್ಲಿ ಒಂದು ಕೋವಿಯ ಅಂಗಡಿ. ಅಂಗಡಿಯವರು ಇಪ್ಪತ್ತೆಂಟು ಅಂಗುಲದ ಒಂಟಿ ನಳಿಗೆಯ ಎರಡು ಕೋವಿಗಳನ್ನು ಮೇಜಿನ ಮೇಲಿಟ್ಟರು. ಹುಡುಗನು ಒಂದರ ಮರದ ಹೊಳಪನ್ನು ಮೆಚ್ಚಿ ಅದನ್ನೇ ಎತ್ತಿಕೊಂಡನು. ಅಣ್ಣಯ್ಯನವರು ಅದನ್ನು ತೆಗೆದುಕೊಂಡು, ಬಿಚ್ಚಿ, ನಳಿಗೆಯೊಂದನ್ನೇ ಕಿಟಕಿಯ ಕಡೆಗೆ ಹಿಡಿದರು. ಎಡಗೈಯ ಉಳಿದ ಮೂರು ಬೆರಳುಗಳ ಮೇಲೆ ಅದನ್ನು ಮಲಗಿಸಿ, ಬಲಗೈಯಿಂದ ನಿಧಾನವಾಗಿ ಹೊರಳಿಸುತ್ತ ನೋಡಿದರು. ನಯವಾಗಿ ಉಜ್ಜಿದ ನಳಿಗೆಯೊಳಗೆ ಬೆಳಕು ಬಿದ್ದಾಗ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ನಳಿಗೆ ನೆಟ್ಟಗಿದ್ದರೆ ಉಂಗುರಗಳಿಗೆ ಒಂದೇ ಕೇಂದ್ರ. ಎಲ್ಲಿಯಾದರೂ ಸೊಟ್ಟವಿದ್ದರೆ, ತಗ್ಗಿದ್ದರೆ, ಉಬ್ಬಿದ್ದರೆ, ಅಲ್ಲಿ ಉಂಗುರ ಒಡೆಯುತ್ತದೆ. ಇಷ್ಟು ಉದ್ದದ ರಂಧ್ರವನ್ನು ಕೊರೆಯುವಾಗ ಉಳಿಯನ್ನು ತಿರುಗಿಸದೆ ಸಲಾಕೆಯನ್ನೇ ತಿರುಗಿಸಬೇಕು, ಹಾಗಲ್ಲದೆ ರಂಧ್ರ ನಡುವನ್ನು ಬಿಟ್ಟು ಅಲೆಯುವ ಸಂಭವ ಹೆಚ್ಚು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. "ಬಾಯಿಯಿಂದ ಒಂದು ಗೇಣು ಒಳಗೆ ಒಡೆದಿದೆ, ಇದು ಬೇಡ" ಎಂದು ಕೆಳಗಿಟ್ಟರು. ಅಂಗಡಿಯವರು ವಾದಿಸಲಿಲ್ಲ.

ಎರಡನೆಯದನ್ನು ಬಹಳ ಹೊತ್ತು ನೋಡಿದರು. ಮಗನಿಗೂ ತೋರಿಸಿದರು. "ಕೊಳ್ಳುವ ದಿನ ಮಾತ್ರವಲ್ಲ, ತೋಟಾ ಹಾಕುವ ಮೊದಲು ಪ್ರತಿಸಲವೂ ಹೀಗೆ ನೋಡಬೇಕು. ಕತ್ತಲಾದರೆ ಹಣೆಯ ದೀಪವನ್ನು ತೆಗೆದು ಬಾಯಿಯ ಕಡೆಯಿಂದ ಬೆಳಕು ಬಿಟ್ಟು ಬುಡದಿಂದ ನೋಡು. ಕೆಸರಿದ್ದರೂ ಕಾಣುತ್ತದೆ, ಬಟ್ಟೆಯಿದ್ದರೂ ಕಾಣುತ್ತದೆ" ಎಂದರು.

ನಾನು ಬೀದಿಯ ಕಡೆ ನೋಡುತ್ತಿದ್ದೆನು.

"ಅಂದು ಎಲ್ಲರೂ ನಳಿಗೆ ಹಳೆಯದೆಂದರು. ಹಳೆಯದೇ. ಒಡೆದ ತುಂಡನ್ನು ಆಮೇಲೆ ನಾನು ನೋಡಿದ್ದೆ. ಸೀಳಿನ ಅಂಚಿನಲ್ಲಿ ಸುಟ್ಟ ಬಟ್ಟೆಯ ಎಳೆಗಳಿದ್ದವು. ತೋಟಾ ಹಾಕಿದವನು ನಾನು, ನಾನು ನೋಡಬೇಕಾಗಿತ್ತು." ಇದನ್ನು ಅವರು ಮಗನಿಗೆ ಹೇಳಿದರು. ನನ್ನ ಕಡೆಗೆ ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ನಳಿಗೆಯನ್ನು ನನ್ನ ಕೈಗೆ ಕೊಟ್ಟು, "ನೀನೂ ಒಮ್ಮೆ ನೋಡು" ಎಂದರು.

ಕಿಟಕಿಯ ಕಡೆಗೆ ಎತ್ತಿ ಹಿಡಿದೆನು. ಕೈ ನಡುಗುತ್ತಿದ್ದುದರಿಂದ ಉಂಗುರಗಳು ನಿಲ್ಲಲೊಲ್ಲವು. "ಮೊಣಕೈಯನ್ನು ಮೇಜಿಗೆ ಊರಿಕೋ" ಎಂದರು ಅಣ್ಣಯ್ಯನವರು. ಊರಿಕೊಂಡೆನು, ನಿಂತವು.